ಗಾಜಿಗೆ ಅಂಟಿದ ಹಳೆಯ ಫೋಟೋವನ್ನು ದಯವಿಟ್ಟು ಕೀಳಬೇಡಿ

ಮಳೆಗಾಲ ಕಳೆಯುತ್ತಿದ್ದಂತೆ ನಮ್ಮ ಸ್ಟುಡಿಯೋಗೆ ಅಜ್ಜ, ಅಜ್ಜಿಯರ ಹರಿದ ಫೋಟೋಗಳು ಬರತೊಡಗುತ್ತವೆ. ಕಳೆದ ವಾರ ಒಬ್ಬ ತಾಯಿ ತಮ್ಮ ತಂದೆಯ ಫೋಟೋ ತಂದಿದ್ದರು. ಅವರ ಬಳಿ ಇದ್ದದ್ದು ಅದೊಂದೇ. ಫ್ರೇಮಿನಿಂದ ಬಿಡಿಸುವಾಗ ಕಣ್ಣಿನ ಭಾಗ ಗಾಜಿನ ಮೇಲೆಯೇ ಉಳಿದುಬಿಟ್ಟಿತ್ತು. ಆ ತಾಯಿಯ ಮುಖ ನೋಡಿ ಬಹಳ ಸಂಕಟವಾಯಿತು.

ಕಪ್ಪು ಬಿಳುಪು ಫೋಟೋದ ಚಿತ್ರ ಇರುವುದು ಕಾಗದದ ಮೇಲಿನ ತೆಳುವಾದ ಜೆಲಟಿನ್ ಪದರದಲ್ಲಿ. ತೇವ ತಗುಲಿದರೆ ಅದು ಮೆತ್ತಗಾಗಿ ಗಾಜಿಗೆ ಅಂಟುತ್ತದೆ, ಒಣಗಿದ ಮೇಲೆ ಗೋಂದಿನಂತೆ ಹಿಡಿದುಕೊಳ್ಳುತ್ತದೆ. ಆದ್ದರಿಂದ ಬ್ಲೇಡು ಹಾಕಬೇಡಿ, ಬಿಸಿಗಾಳಿ ಹಿಡಿಯಬೇಡಿ, ನೀರಿನಲ್ಲಿ ನೆನೆಸಲೂ ಹೋಗಬೇಡಿ. ಗಾಜಿನ ಸಮೇತ ಸ್ಟುಡಿಯೋಗೆ ತನ್ನಿ. ಎರಡು ಬದಿಯಿಂದ ಓರೆಯಾಗಿ, ಸುಮಾರು 45 ಡಿಗ್ರಿ ಕೋನದಲ್ಲಿ ಬೆಳಕು ಬಿಟ್ಟು, ಗಾಜಿನ ಮೇಲಿಂದಲೇ ಚೆನ್ನಾಗಿ ನಕಲು ತೆಗೆಯಬಹುದು.

ಮನೆಯಲ್ಲೇ ನಕಲು ತೆಗೆಯುವುದಾದರೆ ಗಾಜನ್ನು ಮೆತ್ತನೆಯ ಒಣಬಟ್ಟೆಯಿಂದ ಒರೆಸಿ, ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಇಡಿ. ಫ್ಲ್ಯಾಶ್ ಬೇಡ. ಕಪ್ಪು ಬಟ್ಟೆಗೆ ಮೊಬೈಲ್ ಕ್ಯಾಮೆರಾದಷ್ಟು ತೂತು ಮಾಡಿ ಅದರ ಹಿಂದಿನಿಂದ ತೆಗೆದರೆ ನಿಮ್ಮ ಪ್ರತಿಬಿಂಬ ಗಾಜಿನಲ್ಲಿ ಮೂಡುವುದಿಲ್ಲ. ತೀರಾ ಹತ್ತಿರ ಹೋಗಬೇಡಿ, ಮುಖದ ಆಕಾರ ಕೆಡುತ್ತದೆ.

ಇನ್ನೂ ಅಂಟಿಕೊಳ್ಳದ ಫೋಟೋಗಳಿದ್ದರೆ ಈಗಲೇ ಫ್ರೇಮ್ ಬಿಚ್ಚಿಸಿ, ಗಾಜಿಗೂ ಫೋಟೋಗೂ ನಡುವೆ ಅಂಚಿನ ಸುತ್ತ ಮೌಂಟ್ ಬೋರ್ಡ್ ಎಂಬ ದಪ್ಪ ರಟ್ಟು ಹಾಕಿಸಿ. ಮಳೆಯ ಇರಿಚಲು ಹೊಡೆಯುವ ಗೋಡೆಗೆ ಮಾತ್ರ ಮತ್ತೆ ತೂಗುಹಾಕಬೇಡಿ.