ಅಬುಧಾಬಿಯ ಉಪ್ಪಿನ ಬಯಲಿನಲ್ಲಿ ಜೇಡಿ ಖನಿಜಗಳನ್ನು ಗುರುತಿಸುವ ಕ್ರಮ

ಅಬುಧಾಬಿಯ ಕರಾವಳಿಗುಂಟ ಹರಡಿರುವ, ಅರಬ್ಬಿಯಲ್ಲಿ ಸಬ್ಖಾ ಎನ್ನಿಸಿಕೊಳ್ಳುವ ಉಪ್ಪಿನ ಬಯಲು 1960ರ ದಶಕದಿಂದೀಚೆಗೆ ಭೂವಿಜ್ಞಾನಿಗಳಿಗೆ ಚಿರಪರಿಚಿತ. ಅನ್ಹೈಡ್ರೈಟ್, ಅಂದರೆ ನೀರಿನಂಶವಿಲ್ಲದ ಕ್ಯಾಲ್ಸಿಯಂ ಸಲ್ಫೇಟ್, ನಮ್ಮ ಕಾಲದಲ್ಲೂ ನೆಲದೊಳಗೇ ಹುಟ್ಟುತ್ತಿದೆ ಎಂಬುದು ಇಲ್ಲಿನ ಗುಂಡಿಗಳಲ್ಲೇ ಕಂಡುಬಂತು. ಜೇಡಿಯ ಪಾಲು ಇಲ್ಲಿ ಕಡಿಮೆ. ಸುಣ್ಣದ ಖನಿಜಗಳು, ಜಿಪ್ಸಂ ಮತ್ತು ಅಡುಗೆ ಉಪ್ಪಿನ ನಡುವೆ ಅದು ಹುದುಗಿರುತ್ತದೆ. ಆದ್ದರಿಂದ ಇಂಥ ಮಾದರಿಯ ಫಲಿತಾಂಶ ಸರಿಯೋ ತಪ್ಪೋ ಎಂಬುದು ಖನಿಜಗಳನ್ನು ಗುರುತಿಸುವ ಎಕ್ಸ್-ರೇ ಯಂತ್ರಕ್ಕಿಂತ ಹೆಚ್ಚಾಗಿ ಅದಕ್ಕೂ ಮುಂಚಿನ ತೊಳೆಯುವ ಕೆಲಸದಲ್ಲೇ ತೀರ್ಮಾನವಾಗುತ್ತದೆ.

ಗುಂಡಿಯನ್ನು ಅಂತರ್ಜಲ ಸಿಗುವವರೆಗೆ ತೋಡಬೇಕು. ಹಲವೆಡೆ ಅದು ಒಂದೆರಡು ಮೀಟರಿನೊಳಗೇ ಸಿಗುತ್ತದೆ. ಮೇಲೆ ಉಪ್ಪಿನ ಹಕ್ಕಳೆ, ಅದರ ಕೆಳಗೆ ಗಾಳಿ ತಂದ ಕಂದು ಮರಳು ಮತ್ತು ಅದರೊಳಗೆ ಬಿಳಿಯ ಅನ್ಹೈಡ್ರೈಟ್ ಗಂಟುಗಳು, ಬಳಿಕ ಜಿಪ್ಸಂ ಹರಳುಗಳ ಮೆತ್ತನೆಯ ಪದರ, ಕೊಳೆತ ಮೊಟ್ಟೆಯ ವಾಸನೆ ಬೀರುವ ಕಪ್ಪು ಸೂಕ್ಷ್ಮಜೀವಿ ಚಾಪೆ, ಕೊನೆಗೆ ಹಿನ್ನೀರಿನ ಬೂದು ಬಣ್ಣದ ಅರಗೊನೈಟ್ (ಸುಣ್ಣದ ಒಂದು ಖನಿಜ) ಕೆಸರು: ಈ ಕ್ರಮ ಎಲ್ಲೆಡೆ ಪೂರ್ಣವಾಗಿ ಕಾಣಸಿಗದಿದ್ದರೂ ಯಾವ ಪದರದಿಂದ ತೆಗೆದದ್ದು ಎಂಬುದನ್ನು ಪ್ರತಿ ಚೀಲದ ಮೇಲೂ ಬರೆಯಲೇಬೇಕು. ಮಳೆ ಬಿದ್ದ ಮೇಲೆ ಈ ನೆಲ ವಾಹನದ ಭಾರವನ್ನು ತಾಳುವುದಿಲ್ಲ; ಒಣ ದಿನಗಳಲ್ಲೂ ಹಕ್ಕಳೆಯನ್ನು ನಂಬಿ ಗಾಡಿ ಓಡಿಸದಿರುವುದು ಒಳ್ಳೆಯದು.

ಹಸಿ ಮಾದರಿಯನ್ನು ನೇರವಾಗಿ ಒಣಗಿಸಬಾರದು. ಕಣಗಳ ನಡುವಿನ ಉಪ್ಪುನೀರು ಆರುವಾಗ ನೆಲದಲ್ಲಿ ಇಲ್ಲದಿದ್ದ ಹೊಸ ಹರಳುಗಳು ಚೀಲದಲ್ಲೇ ಹುಟ್ಟುತ್ತವೆ. ಮೊದಲು ಸೆಂಟ್ರಿಫ್ಯೂಜ್‌ ಎಂಬ ವೇಗವಾಗಿ ತಿರುಗಿಸುವ ಯಂತ್ರದಲ್ಲಿ ಆ ನೀರನ್ನು ಬೇರ್ಪಡಿಸಿ, ಆಮೇಲೆ 40 ಡಿಗ್ರಿ ಸೆಲ್ಸಿಯಸ್ ಮೀರದಂತೆ ಒಣಗಿಸಬೇಕು. ಶಾಖ ಹೆಚ್ಚಾದರೆ ಜಿಪ್ಸಂ ತನ್ನ ನೀರನ್ನು ಕಳೆದುಕೊಂಡು ಬೇರೆಯೇ ಖನಿಜವಾಗುತ್ತದೆ.

ಮುಂದಿನದು ತಾಳ್ಮೆಯ ಕೆಲಸ. ಒಂದು ಲೀಟರ್ ನೀರಿನಲ್ಲಿ ಕರಗುವ ಜಿಪ್ಸಂ ಸುಮಾರು 2.5 ಗ್ರಾಂ ಮಾತ್ರ. ಹತ್ತು ಗ್ರಾಂ ಜಿಪ್ಸಂ ಇರುವ ಮಾದರಿಗೆ ಕನಿಷ್ಠ ನಾಲ್ಕು ಲೀಟರ್ ಶುದ್ಧ ನೀರು ಬೇಕೆಂದು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ತೊಳೆದ ನೀರಿಗೆ ಬೇರಿಯಂ ಕ್ಲೋರೈಡಿನ ಕೆಲವು ಹನಿ ಬಿಟ್ಟಾಗ ಬಿಳಿ ಗಸಿ ಕಂಡರೆ ಸಲ್ಫೇಟ್ ಇನ್ನೂ ಉಳಿದಿದೆ ಎಂದರ್ಥ. ಅದಕ್ಕಿಂತಲೂ ನೆಚ್ಚಬಹುದಾದ ಗುರುತು ಕಣ್ಣಿಗೇ ಕಾಣುತ್ತದೆ: ಉಪ್ಪು ಇರುವಷ್ಟು ಹೊತ್ತು ಜೇಡಿ ಹೆಪ್ಪುಗಟ್ಟಿ ತಳಕ್ಕಿಳಿದು ಮೇಲಿನ ನೀರು ತಿಳಿಯಾಗಿರುತ್ತದೆ, ಉಪ್ಪು ಹೋದ ಮೇಲೆ ಎಷ್ಟು ಹೊತ್ತು ಬಿಟ್ಟರೂ ನೀರು ಮಸುಕಾಗಿಯೇ ಇರುತ್ತದೆ.

ಸುಣ್ಣವನ್ನು ತೆಗೆಯಲು ಹೈಡ್ರೋಕ್ಲೋರಿಕ್ ಆಮ್ಲ ಬೇಡ. ಅದು ಬೇಗ ಕೆಲಸ ಮಾಡುತ್ತದೆ ನಿಜ, ಆದರೆ ಪ್ಯಾಲಿಗೋರ್ಸ್ಕೈಟ್, ಸೆಪಿಯೊಲೈಟ್, ಕ್ಲೋರೈಟ್‌ನಂಥ ಮೆಗ್ನೀಸಿಯಂ ಹೆಚ್ಚಿರುವ ಜೇಡಿಗಳನ್ನೂ ತಿನ್ನುತ್ತದೆ. ಈ ಬಯಲಿನಲ್ಲಿ ನಮಗೆ ಮುಖ್ಯವಾಗಿ ಬೇಕಾದವೇ ಅವು. ಪಿಎಚ್ 5ರ ಸೋಡಿಯಂ ಅಸಿಟೇಟ್ ಬಫರ್ (ಆಮ್ಲೀಯತೆಯನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ದ್ರಾವಣ) ನಿಧಾನವಾದರೂ ಸೌಮ್ಯ. ಬಳಿಕ 2 ಮೈಕ್ರಾನಿಗಿಂತ ಸಣ್ಣ ಕಣಗಳನ್ನು ನೀರಿನಲ್ಲಿ ತಂಗಲು ಬಿಟ್ಟು ಬೇರ್ಪಡಿಸಬೇಕು: 20 ಡಿಗ್ರಿ ಶಾಖದಲ್ಲಿ ಸುಮಾರು ಎಂಟು ಗಂಟೆ ಕಳೆದ ಮೇಲೆ ಮೇಲಿನ 10 ಸೆಂಟಿಮೀಟರ್ ನೀರನ್ನು ಹೀರಿ ತೆಗೆದು ಗಾಜಿನ ಪಟ್ಟಿಯ ಮೇಲೆ ಹರಡಿದರೆ ಸಾಕು.

ಪಟ್ಟಿಯನ್ನು ಮೂರು ಸಲ ಎಕ್ಸ್-ರೇಗೆ ಒಡ್ಡಬೇಕು: ಹಾಗೆಯೇ ಒಣಗಿಸಿ, ಎಥಿಲೀನ್ ಗ್ಲೈಕಾಲ್ ಆವಿ ಹಿಡಿಸಿ, 550 ಡಿಗ್ರಿಗೆ ಕಾಯಿಸಿ. ಹರಳಿನೊಳಗಿನ ಪದರಗಳ ಅಂತರ ಎಕ್ಸ್-ರೇ ಚಿತ್ರದಲ್ಲಿ ಶಿಖರವಾಗಿ ಕಾಣುತ್ತದೆ; ಅದನ್ನು ಅಳೆಯುವ ಮಾನ ಆಂಗ್‌ಸ್ಟ್ರಮ್, ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು. ಗ್ಲೈಕಾಲ್ ಹಿಡಿದಾಗ ಈ ಅಂತರ 17 ಆಂಗ್‌ಸ್ಟ್ರಮ್‌ಗೆ ಹಿಗ್ಗುವ ಜೇಡಿ ಸ್ಮೆಕ್ಟೈಟ್. ಕಾಯಿಸಿದಾಗ 7 ಆಂಗ್‌ಸ್ಟ್ರಮ್‌ನ ಶಿಖರ ಅಳಿದರೆ ಕಯೋಲಿನೈಟ್, 14ರ ಶಿಖರ ಉಳಿದು ಚುರುಕಾದರೆ ಕ್ಲೋರೈಟ್. ತೊಡಕು ಇರುವುದು ಇಲೈಟ್ ಎಂಬ ಜೇಡಿ ಮತ್ತು ಪ್ಯಾಲಿಗೋರ್ಸ್ಕೈಟ್ ನಡುವೆ. ಮೊದಲನೆಯದರ ಶಿಖರ 10ರಲ್ಲಿ, ಎರಡನೆಯದರದು 10.5ರ ಆಸುಪಾಸಿನಲ್ಲಿ, ಗ್ಲೈಕಾಲ್‌ಗೆ ಎರಡೂ ಜಗ್ಗುವುದಿಲ್ಲ, ಪ್ರಮಾಣ ಕಡಿಮೆಯಿದ್ದರೆ ಎರಡೂ ಬೆರೆತು ಒಂದೇ ಅಗಲ ದಿಬ್ಬವಾಗಿ ಕಾಣುತ್ತವೆ. ಆಗ 6.4 ಆಂಗ್‌ಸ್ಟ್ರಮ್‌ನಲ್ಲಿ ಪ್ಯಾಲಿಗೋರ್ಸ್ಕೈಟ್‌ನ ಕಿರುಶಿಖರವನ್ನೂ 5ರಲ್ಲಿ ಇಲೈಟ್‌ನದನ್ನೂ ಹುಡುಕಬೇಕು. ಕಾಯಿಸಿದಾಗ ಕುಗ್ಗುವ ಸ್ಮೆಕ್ಟೈಟ್ ಕೂಡ 10ಕ್ಕೇ ಬಂದು ಕೂರುವುದರಿಂದ ಆ ಒಂದು ಚಿತ್ರವನ್ನು ಮಾತ್ರ ನಂಬಿ ಇಲೈಟ್ ಹೆಚ್ಚೆಂದು ಬರೆಯುವಂತಿಲ್ಲ.

ಪ್ಯಾಲಿಗೋರ್ಸ್ಕೈಟ್ ಸಿಕ್ಕಿತೆಂದ ಮಾತ್ರಕ್ಕೆ ಅದು ಸಬ್ಖಾದ ಉಪ್ಪುನೀರಿನಲ್ಲೇ ಬೆಳೆದದ್ದೆಂದು ಹೇಳಲಾಗದು; ಈ ಸೀಮೆಯ ಗಾಳಿಧೂಳಿನಲ್ಲೂ ಅದು ಇರುತ್ತದೆ. ಅದೇ ಊರಿನ ಧೂಳಿನ ಮಾದರಿಯೊಂದನ್ನು ಇದೇ ಕ್ರಮದಲ್ಲಿ ತೊಳೆದು ಹೋಲಿಸಬೇಕು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತುಂಡಾದ ಗಿಡ್ಡ ಎಳೆಗಳು ಕಂಡರೆ ಹೊರಗಿನಿಂದ ಬಂದಿರುವ ಸಾಧ್ಯತೆ ಹೆಚ್ಚು. ಡಾಲೊಮೈಟ್ (ಮೆಗ್ನೀಸಿಯಂ ಬೆರೆತ ಸುಣ್ಣದ ಖನಿಜ) ಕಣಗಳ ನಡುವಿನ ಸಂದಿಗೆ ಅಡ್ಡಲಾಗಿ ಮುರಿಯದೆ ಹಬ್ಬಿದ ಉದ್ದನೆಯ ಎಳೆಗಳು ಅಲ್ಲಿಯೇ ಬೆಳೆದವೆಂಬ ವಾದಕ್ಕೆ ಬಲ ಕೊಡುತ್ತವೆ. ಇದಕ್ಕೆ ತೊಳೆಯದ ಮಾದರಿಯ ಮುರಿದ ಮುಖವನ್ನೇ ನೋಡಬೇಕಾದ್ದರಿಂದ ಪ್ರತಿ ಪದರದಿಂದ ಒಂದು ಗಡ್ಡೆಯನ್ನು ಹಾಗೆಯೇ ಎತ್ತಿಡಬೇಕು.