ತೋನ್ಸೆಪಾರ್ ಕಂಬಗಳನ್ನು ಲೋಟದಲ್ಲಿ ಬೆಳೆಸಿದೆ

ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪದಲ್ಲಿ (ಇದಕ್ಕೆ ತೋನ್ಸೆಪಾರ್ ಎಂಬ ಹೆಸರೂ ಉಂಟು) ಇಳಿದ ಮಕ್ಕಳು ಮೊದಲು ಕೇಳುವುದು ಒಂದೇ. "ಟೀಚರ್, ಈ ಕಂಬಗಳನ್ನು ಯಾರು ಕೆತ್ತಿದ್ದು?"

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮೊದಲ ಸಲ ಮಕ್ಕಳನ್ನು ಕರೆದುಕೊಂಡು ಹೋದಾಗ "ಯಾರೂ ಕೆತ್ತಿಲ್ಲ, ಲಾವಾರಸ ತಣಿದು ಹೀಗಾಯಿತು" ಎಂದೆ. ಒಬ್ಬಳು ಆರು ಮೂಲೆಯ ಕಲ್ಲೊಂದರ ಮೇಲೆ ಕೈಯಾಡಿಸುತ್ತಾ, "ತಣಿದರೆ ಇಷ್ಟು ಸರಿಯಾಗಿ ಮೂಲೆ ಬರ್ತದಾ ಟೀಚರ್?" ಎಂದಳು. ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಬಾಯಿಮಾತಿನಲ್ಲಿ ಹೇಳಿದರೆ ಅದನ್ನು ನಂಬುವುದು ಕಷ್ಟ. ಕಣ್ಣೆದುರು ಮಾಡಿ ತೋರಿಸಬೇಕು.

ಬೆಂಕಿಯಂಥ ಲಾವಾರಸವನ್ನು ತರಗತಿಗೆ ತರಲು ಆಗುವುದಿಲ್ಲ. ಆದರೆ ಕಾರ್ನ್‌ಫ್ಲೋರ್ ತರಬಹುದು. ಗೋಬಿ ಮಂಚೂರಿಗೆ ಹಾಕುತ್ತೇವಲ್ಲ, ಅದೇ ಹಿಟ್ಟು. ಲಾವಾರಸದಿಂದ ಬಿಸಿ ಹೊರಗೆ ಹೋಗುತ್ತದೆ, ಹಿಟ್ಟಿನಿಂದ ನೀರು ಹೊರಗೆ ಹೋಗುತ್ತದೆ. ಎರಡೂ ಕುಗ್ಗುತ್ತವೆ. ಕುಗ್ಗುವಾಗ ಎಳೆತ ತಡೆಯಲಾರದೆ ಬಿರುಕು ಬಿಡುತ್ತವೆ. ಬಿರುಕು ಹೊರಮೈಯಿಂದ ಶುರುವಾಗಿ ಮೆಲ್ಲಮೆಲ್ಲಗೆ ಒಳಗೆ ಇಳಿಯುತ್ತದೆ.

ಮೊದಲ ಪ್ರಯತ್ನ ಕೆಟ್ಟಿತು. ಜೂನ್ ತಿಂಗಳಲ್ಲಿ ಮಾಡಿದ್ದೆ. ನಮ್ಮ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಹಿಟ್ಟು ಒಣಗುವುದುಂಟಾ? ಐದೇ ದಿನಕ್ಕೆ ಬೂಸ್ಟು ಹಿಡಿಯಿತು. ಎರಡನೇ ಸಲ ಮೇಲೆ ಬಲ್ಬ್ ಹಾಕಿದೆ. ಅದು ಎಲ್‌ಇಡಿ ಬಲ್ಬ್. ಬೆಳಕು ಧಾರಾಳ, ಬಿಸಿ ಮಾತ್ರ ಸಾಲಲಿಲ್ಲ. ಕೊನೆಗೆ ಅಟ್ಟದ ಮೇಲಿದ್ದ ಹಳೆಯ 60 ವ್ಯಾಟಿನ ತಂತಿ ಬಲ್ಬ್ ಕೆಲಸಕ್ಕೆ ಬಂತು.

ಸರಿಹೋದ ಕ್ರಮ ಹೀಗಿದೆ. ಕಾಲು ಕೆಜಿ ಕಾರ್ನ್‌ಫ್ಲೋರ್, ಅಷ್ಟೇ ತೂಕದ ನೀರು. ಗಂಟಿಲ್ಲದಂತೆ ಕಲಸಿ, ಬೂಸ್ಟು ಬಾರದಿರಲು ಎರಡು ಮೂರು ಹನಿ ಬ್ಲೀಚ್ ಹಾಕಿದೆ. (ಇದನ್ನು ದೊಡ್ಡವರೇ ಹಾಕಬೇಕು.) ಅಗಲ ಬಾಯಿಯ ಗಾಜಿನ ಲೋಟಕ್ಕೆ ಹೊಯ್ದು, ಬಲ್ಬನ್ನು ಅರ್ಧ ಅಡಿ ಮೇಲೆ ತೂಗುಹಾಕಿದೆ. ಮತ್ತೆ ಒಂದು ವಾರ ಲೋಟ ಮುಟ್ಟಲಿಲ್ಲ. ಇದೇ ಎಲ್ಲಕ್ಕಿಂತ ಕಷ್ಟ. ಮಕ್ಕಳು ದಿನಾ ಬಂದು ಇಣುಕುತ್ತಿದ್ದರು.

ಮೊದಲ ಎರಡು ದಿನ ಮೇಲೆ ನಾಲ್ಕೈದು ದೊಡ್ಡ ಬಿರುಕು ಮಾತ್ರ ಕಂಡವು. ಒಂದು ಉದ್ದ ಬಿರುಕು, ಅದಕ್ಕೆ ಅಡ್ಡವಾಗಿ ಬಂದು ಕೂಡಿದ ಇನ್ನೊಂದು. ಇಂಗ್ಲಿಷಿನ 'ಟಿ' ಅಕ್ಷರದ ಹಾಗೆ. ಗದ್ದೆ ಒಣಗಿದಾಗ ಕೆಸರಿನಲ್ಲಿ ಕಾಣುವುದೂ ಇದೇ. "ಟೀಚರ್, ಇದು ನಮ್ಮ ಬೈಲುಗದ್ದೆ, ತೋನ್ಸೆಪಾರ್ ಅಲ್ಲ" ಎಂದು ಒಬ್ಬ ಹೇಳಿದ.

ಎಂಟನೇ ದಿನ ಒಣಗಿದ ಗಟ್ಟಿಯನ್ನು ಮೆಲ್ಲಗೆ ಹೊರತೆಗೆದು ಕೈಯಲ್ಲೇ ಮುರಿದೆವು. ಚಾಕು ಹಾಕಬಾರದು, ಪುಡಿಯಾಗುತ್ತದೆ. ಒಳಗೆ ಬೆಂಕಿಕಡ್ಡಿಯಷ್ಟು ದಪ್ಪದ ಬಿಳಿ ಕಂಬಗಳು, ಒಂದರ ಪಕ್ಕ ಒಂದು, ಒತ್ತೊತ್ತಾಗಿ ನಿಂತಿದ್ದವು. ಭೂತಗನ್ನಡಿಯಲ್ಲಿ ನೋಡಿದರೆ ಐದು ಮೂಲೆ, ಆರು ಮೂಲೆ, ಕೆಲವಕ್ಕೆ ಏಳು. ತರಗತಿ ಪೂರ್ತಿ ಸ್ತಬ್ಧವಾಯಿತು. ಆ ಕ್ಷಣ ನನಗೂ ಕಣ್ಣು ತುಂಬಿತು.

ಮೇಲೆ 'ಟಿ', ಒಳಗೆ 'ವೈ'. ನಾನು ಕಲಿತ ದೊಡ್ಡ ಪಾಠ ಇದು. ಮೊದಲ ಬಿರುಕುಗಳು ಒಂದಾದ ಮೇಲೊಂದು ಬರುತ್ತವೆ, ಹಾಗಾಗಿ 90 ಡಿಗ್ರಿಯಲ್ಲಿ ಕೂಡುತ್ತವೆ. ಆಳಕ್ಕೆ ಇಳಿಯುತ್ತಾ ಇಳಿಯುತ್ತಾ ಎಳೆತವನ್ನು ಸಮವಾಗಿ ಹಂಚಿಕೊಳ್ಳಲು ಸ್ವಲ್ಪ ಸ್ವಲ್ಪವೇ ಜರುಗುತ್ತವೆ. ಕೊನೆಗೆ ಮೂರು ಬಿರುಕು 120 ಡಿಗ್ರಿಯ ಹತ್ತಿರ ಬಂದು ಕೂಡುತ್ತವೆ. ಹಾಗೆ ಕೂಡಿದಲ್ಲಿ ಆರು ಮೂಲೆ ತಾನಾಗಿ ಬರುತ್ತದೆ.

ಡಿಸೆಂಬರಿನಲ್ಲಿ ಮತ್ತೆ ದ್ವೀಪಕ್ಕೆ ಹೋದೆವು. ಈ ಸಲ ಎಲ್ಲರ ಚೀಲದಲ್ಲಿ ಕೋನಮಾಪಕ ಇತ್ತು. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. ಹೋಗುವುದಾದರೆ ಇಳಿತದ ಹೊತ್ತು ನೋಡಿ ಹೋಗಿ, ಆಗ ಜಾಸ್ತಿ ಕಲ್ಲು ತೆರೆದಿರುತ್ತದೆ. ಜಾರದ ಚಪ್ಪಲಿ, ಕುಡಿಯುವ ನೀರು ಮರೆಯಬೇಡಿ.

ದೋಣಿ ಇಳಿದರೆ ಕಾಲಿಗೆ ಸಿಗುವುದು ಬರೀ ಮರಳಲ್ಲ, ಒಡೆದ ಚಿಪ್ಪು. ನಡುವೆ ತೆಂಗಿನ ಮರಗಳು. ಪಡು ಕಡೆಗೆ ಹೋದರೆ ತೆರೆಗಳು ನೇರ ಕಂಬಗಳಿಗೆ ಬಡಿಯುತ್ತವೆ. ಎತ್ತರದ ಕಂಬ ಸುಮಾರು 6 ಮೀಟರ್ ಇದೆ. ಕೆಲವು ಕಡೆ ತುದಿಗಳು ಮಾತ್ರ ನೆಲಕ್ಕೆ ಹಾಸಿದ ಕಲ್ಲಿನ ಹಾಗೆ ಕಾಣುತ್ತವೆ. ನಮ್ಮ ಹುಡುಗರು ಅಳತೆಗೆ ಕೂತದ್ದು ಅಲ್ಲೇ. "ವೈ! ಇಲ್ಲಿಯೂ ವೈ!" ಎಂದು ಕೂಗುತ್ತಿದ್ದರು. ಅಂದರೆ ನಾವು ನಿಂತದ್ದು ಲಾವಾರಸದ ಒಳಭಾಗದ ಮೇಲೆ. ಅದರ ಹೊರಮೈ ಸವೆದು ಹೋಗಿ ಎಷ್ಟೋ ಕಾಲವಾಗಿದೆ. ಇದನ್ನು ನಾನು ಹೇಳಲಿಲ್ಲ, ಲೋಟದ ಗಟ್ಟಿಯನ್ನು ಮುರಿದು ನೋಡಿದ ಮಕ್ಕಳೇ ಹೇಳಿದರು.

ಈ ಕಲ್ಲನ್ನು ತುಂಬಾ ಜನ ಬಸಾಲ್ಟ್ (ಲಾವಾರಸ ತಣಿದು ಆಗುವ ಕಪ್ಪು ಕಲ್ಲು) ಎನ್ನುತ್ತಾರೆ. ಅದು ಸರಿಯಲ್ಲ ಎಂದು ಮಕ್ಕಳಿಗೆ ಒತ್ತಿ ಹೇಳುತ್ತೇನೆ. ಇದು ಸಿಲಿಕಾ (ಮರಳಿನಲ್ಲಿರುವ ಅಂಶ) ಜಾಸ್ತಿ ಇರುವ ರಯೋಲೈಟ್, ಡೇಸೈಟ್ ಜಾತಿಯ ಕಲ್ಲು. ಬಸಾಲ್ಟ್ ಬೇಕಿದ್ದರೆ ಮಹಾರಾಷ್ಟ್ರದ ದಖ್ಖನ್ ಬೆಟ್ಟಗಳಿಗೆ ಹೋಗಬೇಕು. ಅವು ಸುಮಾರು 6.6 ಕೋಟಿ ವರ್ಷ ಹಳೆಯವು. ನಮ್ಮ ದ್ವೀಪದ್ದು ಅದಕ್ಕಿಂತಲೂ ಹಳೆಯದು, ಸುಮಾರು 8.8 ಕೋಟಿ ವರ್ಷ. ಆಗ ಮಡಗಾಸ್ಕರ್ ಭಾರತಕ್ಕೆ ಅಂಟಿಕೊಂಡಿತ್ತು. ಅದು ಕಿತ್ತು ಬೇರೆಯಾಗುವ ಹೊತ್ತಿನಲ್ಲಿ ಉಕ್ಕಿದ್ದು ಈ ಲಾವಾರಸ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಹೆಸರಿಟ್ಟ ಕತೆ ಎಲ್ಲರಿಗೂ ಗೊತ್ತು. ನನಗೆ ಮಡಗಾಸ್ಕರ್ ಕತೆಯೇ ಹೆಚ್ಚು ಇಷ್ಟ.

ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಒಬ್ಬ ಹುಡುಗ ಸಣ್ಣ ಚೂರೊಂದನ್ನು ಜೇಬಿಗೆ ಹಾಕಿದ್ದ. ಗದರಬೇಕಾಗಲಿಲ್ಲ. ಆ ಆರು ಮೂಲೆಗಳಿಗೆ ಹಿಡಿದ ಕಾಲ ಲೆಕ್ಕ ಹಾಕು ಎಂದೆ. ಎತ್ತಿದ ಜಾಗದಲ್ಲೇ ಇಟ್ಟು ಬಂದ.

ವಾಪಸ್ ಬರುವಾಗ ದೋಣಿಯಲ್ಲಿ ಆ ಮೊದಲಿನ ಹುಡುಗಿ ಇನ್ನೊಂದು ಕೇಳಿದಳು. ಲೋಟದಲ್ಲಿ ಕಡ್ಡಿಯಷ್ಟು ದಪ್ಪ, ಇಲ್ಲಿ ಅಷ್ಟು ದೊಡ್ಡ ಕಂಬ, ಯಾಕೆ? ಬೇಗ ಕುಗ್ಗಿದರೆ ಕಂಬ ಸಣ್ಣ, ನಿಧಾನಕ್ಕೆ ಕುಗ್ಗಿದರೆ ದಪ್ಪ ಎಂದೆ. "ಹಾಗಾದರೆ ಬಲ್ಬ್ ದೂರ ಇಟ್ಟು ನೋಡುವ" ಎಂದಳು. ಈಗ ಲ್ಯಾಬಿನಲ್ಲಿ ಎರಡು ಲೋಟ ಇದೆ. ಒಂದಕ್ಕೆ ಬಲ್ಬ್ ಅರ್ಧ ಅಡಿ ಮೇಲೆ, ಇನ್ನೊಂದಕ್ಕೆ ಒಂದೂವರೆ ಅಡಿ. ನಿಧಾನದ್ದು ಒಣಗಲು ಇನ್ನೂ ಕೆಲವು ದಿನ ಬೇಕು.