ಗದ್ದಲ ಅಳೆಯಲು ಮಕ್ಕಳನ್ನು ಬೀದಿಗಿಳಿಸುವ ಮುನ್ನ

ಬೇಸಿಗೆ ಶಿಬಿರದಲ್ಲಿ 12–14ರ ಮಕ್ಕಳಿಂದ ರಸ್ತೆಯ ಗದ್ದಲ ಅಳೆಸುವವರು ಮೊದಲು ಸದ್ದು ಅಳೆಯುವ ಆ್ಯಪ್ ಹಾಕಿದ ಎಲ್ಲ ಫೋನುಗಳನ್ನೂ ಒಂದೇ ಮೇಜಿನ ಮೇಲೆ ಸಾಲಾಗಿಟ್ಟು, ಒಂದೇ ಸದ್ದನ್ನು ಒಂದು ನಿಮಿಷ ಅಳೆಸಿ. ಒಂದೊಂದು ಮೈಕ್ ಒಂದೊಂದು ಥರ. ಅಂಕಿ ಹಲವು ಡೆಸಿಬಲ್ (ಸದ್ದಿನ ಮಟ್ಟದ ಅಳತೆ) ಹೆಚ್ಚುಕಮ್ಮಿ ಬರುತ್ತದೆ. ಆ ವ್ಯತ್ಯಾಸವನ್ನು ಚೀಟಿಯಲ್ಲಿ ಬರೆದು ಫೋನಿನ ಬೆನ್ನಿಗೇ ಅಂಟಿಸಿ.

ಹೊರಗೆ ಫೋನು ಸುಮಾರು 1.5 ಮೀಟರ್ ಎತ್ತರದಲ್ಲಿರಲಿ. ಗೋಡೆಯ ಪಕ್ಕ ನಿಂತರೆ ಮರಳಿ ಬರುವ ಸದ್ದೂ ಸೇರಿ ಸುಮಾರು 3 ಡೆಸಿಬಲ್ ಹೆಚ್ಚು ತೋರಿಸುತ್ತದೆ. ಗಾಳಿಯಿದ್ದರೆ ಮೈಕಿಗೆ ಸ್ಪಂಜಿನ ತುಂಡು ಹಚ್ಚಿ.

ಮಕ್ಕಳು ಹೆಚ್ಚಾಗಿ ಎಡವುವುದು ಸರಾಸರಿಯಲ್ಲಿ. ಒಂದು ನಿಮಿಷ 60, ಮುಂದಿನ ನಿಮಿಷ 80 ಬಂದರೆ ಸರಾಸರಿ 70 ಅಲ್ಲ, 77! ಡೆಸಿಬಲ್ ಲಾಗರಿದಮ್ ಲೆಕ್ಕ: ಪ್ರತಿ 10 ಡೆಸಿಬಲ್ ಏರಿದಾಗಲೂ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ, ಸರಾಸರಿ ತೆಗೆಯಬೇಕಾದದ್ದು ಆ ಶಕ್ತಿಗೆ. 80ರ ಸದ್ದಿನ ಶಕ್ತಿ 60ರದಕ್ಕಿಂತ ನೂರು ಪಟ್ಟು. ಇದನ್ನು ಬೋರ್ಡಿನ ಮೇಲೆ ಮಾಡಿಸದೆ, ಎಲ್ಲಿ ಎಷ್ಟು ಗದ್ದಲ ಎಂದು ತೋರಿಸುವ ನಕ್ಷೆಗೆ ಬಣ್ಣ ಹಚ್ಚಿಸಬೇಡಿ.